ಅಂಗೈಯಗಲದ ಕಂಪ್ಯೂಟರ್, ಊರಗಲದ ಗಾಬರಿ

ನನ್ನ ಕೈಗೆ ಒಂದು ವೈರು, ಒಂದು ಸ್ಕ್ರೂಡ್ರೈವರು ಸಿಕ್ಕಿತು ಅಂದರೆ ಯಾರಾದರೊಬ್ಬರು ಎದೆ ಹಿಡಿದುಕೊಂಡು ಕೂರುವಂಥ ಪ್ರಸಂಗ ನಡೆದೇ ತೀರುತ್ತದೆ. ಬೇಕು ಅಂತ ನಾನು ಮಾಡುವುದಲ್ಲ. ಅದಾಗಿ ಅದು ಆಗುತ್ತದೆ.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ತುಮಕೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನನ್ನ ಜೊತೆಯ ಟೀಚರುಗಳಿಗೆ ಹೊಲಿಗೆಯೋ ಕುಚ್ಚು ಕಟ್ಟುವುದೋ ಹವ್ಯಾಸವಾದರೆ, ನನಗೆ ಅಂಟಿಕೊಂಡಿದ್ದು ಅಂಗೈಯಗಲದ ಕಂಪ್ಯೂಟರು. ನೋಡುವುದಕ್ಕೆ ಹಸಿರು ಬಣ್ಣದ ಒಂದು ಬೋರ್ಡು ಅಷ್ಟೇ. ಉಗುರಿನಷ್ಟಿರುವ ಮೆಮೊರಿ ಕಾರ್ಡಿಗೆ ಲಿನಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ತುಂಬಿ ಅದರೊಳಗೆ ತೂರಿಸಿದರೆ, ದೊಡ್ಡ ಕಂಪ್ಯೂಟರ್ ಮಾಡುವ ಕೆಲಸವನ್ನೆಲ್ಲ ಇದೂ ಮಾಡುತ್ತದೆ. ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಹುಡುಕುತ್ತಾ ಕೂರುವುದೇ ಒಂದು ಸುಖ. ಆ ಸುಖ ನನ್ನದು. ಗಾಬರಿ ಮಾತ್ರ ಸುತ್ತಮುತ್ತಲಿನವರದು.

ಚಕ್ಕುಲಿ ಡಬ್ಬಿ

ನಮ್ಮ ಬೀದಿಗೆ ನೀರು ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಬಂದಾಗ ಸಂಪು ತುಂಬಿ ರಸ್ತೆಗೆ ಹರಿದು, ಎದುರು ಮನೆಯವರ ಹತ್ತಿರ ಮಾತು ಕೇಳಬೇಕು. ಅದಕ್ಕೇ ಸಂಪು ತುಂಬಿದ ತಕ್ಷಣ ನನ್ನ ಫೋನಿಗೆ ಮೆಸೇಜು ಬರುವ ಹಾಗೆ ಒಂದು ಬೋರ್ಡು ಸಿದ್ಧ ಮಾಡಿದೆ. ಮೇಜಿನ ಮೇಲೆ ಇಟ್ಟು ನೋಡಿದಾಗ ಚೆನ್ನಾಗಿ ಕೆಲಸ ಮಾಡಿತು. ಸಂಪಿನ ಪಕ್ಕ ಇಡಬೇಕಲ್ಲ, ಮಳೆ ಧೂಳು ತಾಗಬಾರದಲ್ಲ ಅಂತ ಅಡುಗೆಮನೆಯಿಂದ ಒಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ತಂದು, ತಳಕ್ಕೆ ರಟ್ಟು ಹಾಸಿ, ಬೋರ್ಡನ್ನು ಒಳಗಿಟ್ಟು ಮುಚ್ಚಿದೆ.

ಅಲ್ಲಿಗೆ ಮೆಸೇಜು ನಿಂತಿತು.

ಇಡೀ ಭಾನುವಾರ ಅದರ ಮುಂದೆ ಕೂತೆ. ಸಾಫ್ಟ್‌ವೇರಿನ ತಪ್ಪಿರಬೇಕು ಅಂತ ಕಾರ್ಡು ಪೂರ್ತಿ ಅಳಿಸಿ ಮತ್ತೆ ತುಂಬಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಚಾರ್ಜರ್ ಬದಲಾಯಿಸಿದೆ. ಮೇಜಿನ ಮೇಲೆ ತೆಗೆದಿಟ್ಟರೆ ಸರಿಯಾಗಿರುತ್ತದೆ, ಸಂಪಿನ ಹತ್ತಿರ ಹೋದರೆ ಸತ್ತುಹೋಗುತ್ತದೆ. ಮನೆಯವರು ಬಂದು ಇಣುಕಿ, "ಊಟ ಇದೆಯಾ, ಇಲ್ಲಾ ಹೋಟೆಲಿಂದ ತರ್ಲಾ?" ಅಂದರು.

ಮಧ್ಯಾಹ್ನ ನಮ್ಮತ್ತೆ ಅಡುಗೆಮನೆಯಲ್ಲೆಲ್ಲ ಹುಡುಕಾಡಿ ಹೊರಗೆ ಬಂದರು. "ಹಬ್ಬಕ್ಕೆ ಚಕ್ಕುಲಿ ಕರೀತಿದೀನಿ, ನನ್ನ ಡಬ್ಬಿ ಎಲ್ಲಿ?" ಅಂದವರು ಸಂಪಿನ ಪಕ್ಕ ಅದನ್ನು ನೋಡಿದರು. ಮುಚ್ಚಳ ತೆಗೆದು, ನನ್ನ ಬೋರ್ಡನ್ನು ಎರಡೇ ಬೆರಳಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟರು. ನನ್ನ ಫೋನು ಟಣ್ ಅಂದಿತು. 'ಸಂಪು ತುಂಬಿದೆ.'

ನಾನು ಬೆಪ್ಪಾಗಿ ನಿಂತೆ. ಲೋಹದ ಪೆಟ್ಟಿಗೆಯೊಳಗಿಂದ ರೇಡಿಯೋ ಅಲೆ ಹೊರಗೆ ಬರುವುದಿಲ್ಲ ಅಂತ ಹಿಂದಿನ ವಾರವಷ್ಟೇ ಮಕ್ಕಳಿಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೆ. ವೈಫೈ ಕೂಡ ರೇಡಿಯೋ ಅಲೆಯೇ.

"ಅತ್ತೆ, ಮುಚ್ಚಳ ತೆಗೆದಿದ್ದಕ್ಕೆ ಅದಕ್ಕೆ ಉಸಿರು ಬಂತು ನೋಡಿ," ಅಂದೆ ಖುಷಿಯಲ್ಲಿ.

ಅತ್ತೆ ಅಷ್ಟರಲ್ಲಿ ವೈರು ಕಿತ್ತು ಡಬ್ಬಿಯನ್ನು ಬೆಳಕಿಗೆ ಹಿಡಿದಿದ್ದರು. ಅವರ ತವರಿನವರು ಕೊಟ್ಟ ಡಬ್ಬಿ. ವೈರು ತೂರಿಸಲು ನಾನು ಕೊರೆದಿದ್ದ ತೂತಿನಿಂದ ಬಿಸಿಲು ನೇರವಾಗಿ ಅವರ ಕಣ್ಣಿಗೆ ಬಿತ್ತು.

"ಅದಕ್ಕೆ ಬಂತು ಕಣೇ," ಅಂದರು, "ನನಗೆ ಹೋಯ್ತು."

ಅಟ್ಟದ ಹೆಗ್ಗಣ

ಚೇಳೂರಿನಲ್ಲಿ ನಮ್ಮ ದೊಡ್ಡಪ್ಪನ ತೆಂಗಿನ ತೋಟ ಇದೆ. ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಟ್ಟು ಕೊಬ್ಬರಿ ಮಾಡುತ್ತಾರೆ. "ಅಟ್ಟದ ಮೇಲೆ ಹೆಗ್ಗಣ ಸೇರ್ಕಂಡದೆ ಕಣವ್ವ, ಸುಲಿದಿಟ್ಟ ಕೊಬ್ಬರಿ ಕರಗ್ತಾ ಅದೆ. ಬೋನಿಟ್ರೂ ಬೀಳಲ್ಲ," ಅಂತ ದೊಡ್ಡಮ್ಮ ಫೋನಿನಲ್ಲಿ ಗೋಳಾಡಿದರು.

ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಬೆಲ್ಲ, ಸಿಹಿ ಎಲ್ಲ ಬಂದ್ ಮಾಡಿಸಿ, ಬೆಳಿಗ್ಗೆ ಮೆಂತ್ಯದ ನೀರು ಕುಡಿಸುತ್ತಿದ್ದರು. ಆದರೂ ಪ್ರತಿಸಲ ಡಾಕ್ಟರು ರಿಪೋರ್ಟು ನೋಡಿ ದೊಡ್ಡಮ್ಮನನ್ನೇ ಬೈಯುತ್ತಿದ್ದರು.

ಹೆಗ್ಗಣದ ವಿಷಯ ನಾನು ವಹಿಸಿಕೊಂಡೆ. ಬೋರ್ಡಿಗೆ ಪುಟ್ಟ ಕ್ಯಾಮೆರಾ ಸೇರಿಸಿ, ಅಟ್ಟದ ಮೇಲೆ ಏನಾದರೂ ಅಲುಗಾಡಿದ ಕೂಡಲೇ ಫೋಟೋ ತೆಗೆದು 'ಹೆಗ್ಗಣ ಬಂದಿದೆ' ಅನ್ನುವ ಒಕ್ಕಣೆಯ ಜೊತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸುವ ಹಾಗೆ ಮಾಡಿದೆ. ಯಾವ ಕಡೆಯಿಂದ ಬರುತ್ತದೆ ಅಂತ ಎಲ್ಲರೂ ನೋಡಿ ಹೇಳಲಿ ಅನ್ನುವುದು ನನ್ನ ಯೋಚನೆ. ಕೂರಿಸಿ ಬಂದ ದಿನ ದೊಡ್ಡಪ್ಪ ಗುಬ್ಬಿಗೆ ಹೋಗಿದ್ದರು. ಅವರಿಗೆ ಈ ಸುದ್ದಿ ಯಾರೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಫೋನು ಗುಂಯ್ ಅಂದಿತು. 'ಹೆಗ್ಗಣ ಬಂದಿದೆ.' ಫೋಟೋದಲ್ಲಿ ದೊಡ್ಡಪ್ಪ. ಅಟ್ಟದ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಒಂದು ಕೈಯಲ್ಲಿ ಕೊಬ್ಬರಿ ಹೋಳು, ಇನ್ನೊಂದು ಕೈಯಲ್ಲಿ ಅಚ್ಚು ಬೆಲ್ಲ, ಕೆನ್ನೆ ಉಬ್ಬಿದೆ.

ನನ್ನ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ಪ್ರೋಗ್ರಾಮ್ ನಿಲ್ಲಿಸೋಣ ಅಂತ ಫೋನಿಂದಲೇ ಪ್ರಯತ್ನಪಟ್ಟೆ. ಕನೆಕ್ಷನ್ ಸಿಗಲಿಲ್ಲ. ಫೋಟೋ ಕಳಿಸುವುದಕ್ಕೆ ಸಿಕ್ಕುವ ನೆಟ್‌ವರ್ಕು ನಿಲ್ಲಿಸುವುದಕ್ಕೆ ಯಾಕೆ ಸಿಗುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ದೊಡ್ಡಪ್ಪ ಅಗಿದಾಗಲೆಲ್ಲ ಒಂದು ಫೋಟೋ. 'ಹೆಗ್ಗಣ ಬಂದಿದೆ.' ಬೆಲ್ಲ ಕಚ್ಚಿದರು, 'ಹೆಗ್ಗಣ ಬಂದಿದೆ.' ಮೀಸೆ ಒರೆಸಿಕೊಂಡರು, 'ಹೆಗ್ಗಣ ಬಂದಿದೆ.' ಗ್ರೂಪಿನಲ್ಲಿರುವ ಅಳಿಯಂದಿರು, ಬೀಗರು, ಎಲ್ಲರೂ ನೋಡಿದರು.

ಕೊನೆಗೆ ದೊಡ್ಡಮ್ಮನ ದನಿ ಮೆಸೇಜು ಬಂತು. ಬಹಳ ಶಾಂತವಾಗಿತ್ತು.

"ನೋಡ್ದೆ ಕಣವ್ವ. ನೀನೇನೂ ಗಾಬರಿಯಾಗ್ಬೇಡ. ಹೆಗ್ಗಣ ಎಲ್ಲೂ ಹೋಗಲ್ಲ. ಏಣಿ ತೆಗೆದಿಟ್ಟಿದೀನಿ."

ಬಂದೆ, ಕೂತ್ಕೊಳ್ಳಿ

ನನ್ನ ತವರು ಕುಣಿಗಲ್. ಅಮ್ಮ ಯಾವಾಗಲೂ ಹಿತ್ತಲಿನಲ್ಲಿರುವುದರಿಂದ ಬಾಗಿಲಿಗೆ ಬಂದವರು ಕರೆದೂ ಕರೆದೂ ವಾಪಸ್ಸು ಹೋಗುತ್ತಿದ್ದರು. ಅದಕ್ಕೆ ಒಂದು ಉಪಾಯ ಮಾಡಿದೆ. ಜಗಲಿಯ ಮೇಲೆ ಯಾರಾದರೂ ಓಡಾಡಿದರೆ ಹಿತ್ತಲಿನಲ್ಲಿ ಬೆಲ್ ಹೊಡೆಯುತ್ತದೆ. ಅದೇ ಹೊತ್ತಿಗೆ ಕಿಟಕಿಯ ಹಿಂದಿನ ಸ್ಪೀಕರು ಅಮ್ಮನದೇ ದನಿಯಲ್ಲಿ "ಬಂದೆ, ಕೂತ್ಕೊಳ್ಳಿ" ಅನ್ನುತ್ತದೆ. ಅಮ್ಮನಿಗೆ ಬಹಳ ಇಷ್ಟವಾಯಿತು.

ನಾನು ಅಲ್ಲಿಗೆ ಹೋಗಿದ್ದಾಗ ಒಂದು ದಿನ ಎಲ್ಲರೂ ನೆಂಟರ ಮನೆಯ ನಾಮಕರಣಕ್ಕೆ ಅಂತ ತುಮಕೂರಿಗೆ ಹೋದೆವು. ಸ್ಪೀಕರ್ ಆರಿಸುವುದು ಯಾರಿಗೂ ಹೊಳೆಯಲಿಲ್ಲ. ಅವತ್ತೇ ಹುತ್ರಿದುರ್ಗದಿಂದ ಅಪ್ಪನ ಸೋದರಮಾವ ಬಂದಿದ್ದಾರೆ. ನಾವು ತಾತ ಅನ್ನುತ್ತೇವೆ. ತುಂಬ ಮರ್ಯಾದಸ್ಥರು, ಫೋನು ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ನಮ್ಮ ಬಾಗಿಲಿಗೆ ಒಳಬೀಗ, ಹೊರಗಿಂದ ಬೀಗ ಕಾಣುವುದಿಲ್ಲ.

ತಾತ ಜಗಲಿ ಹತ್ತಿದರು. "ಬಂದೆ, ಕೂತ್ಕೊಳ್ಳಿ." ಕೂತರು. ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಹೋಗೋಣ ಅಂತ ಎದ್ದರು. "ಬಂದೆ, ಕೂತ್ಕೊಳ್ಳಿ." ಹೆಣ್ಣುಮಗಳು ಅಷ್ಟು ಹೇಳುವಾಗ ಎದ್ದು ಹೋಗುವುದು ಹೇಗೆ? ಮತ್ತೆ ಕೂತರು.

ಸಂಜೆ ನಾವು ಆಟೋ ಇಳಿದಾಗ ತಾತ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಮಗೆ ಅಂತ ಒಂದು ಚೀಲ ಅವರೆಕಾಯಿ ತಂದಿದ್ದರಂತೆ. ಹೊತ್ತು ಹೋಗದೆ ಅಷ್ಟನ್ನೂ ಸುಲಿದಿದ್ದರು. ಜಗಲಿ ತುಂಬ ಸಿಪ್ಪೆ, ಪಂಚೆಯ ಮಡಿಲಲ್ಲಿ ಕಾಳು.

ತಾತ ಅಮ್ಮನನ್ನು ನೋಡಿದರು. ಬಾಗಿಲನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಏನವ್ವ, ನೀನು ಒಳಗಿದ್ದಲ್ಲ," ಅಂದರು ಸಣ್ಣ ದನಿಯಲ್ಲಿ, "ಬೀದಿಯಿಂದ ಹೆಂಗೆ ಬಂದೆ?"

ಅಮ್ಮ ಜಗಲಿಗೆ ಕಾಲಿಟ್ಟು ಇನ್ನೂ ಬಾಯಿ ತೆರೆದಿರಲಿಲ್ಲ. ಕಿಟಕಿಯ ಹಿಂದಿನಿಂದ ಅಮ್ಮನ ದನಿ "ಬಂದೆ, ಕೂತ್ಕೊಳ್ಳಿ" ಅಂದಿತು. ತಾತ ಎದ್ದ ರಭಸಕ್ಕೆ ಸುಲಿದ ಕಾಳೆಲ್ಲ ಅಂಗಳದ ಪಾಲಾಯಿತು.

ಬೋರ್ಡನ್ನು ಕೈಗೆ ಕೊಟ್ಟು, ಬಿಡಿಸಿ ಹೇಳಿ, ಕಾಫಿ ಕುಡಿಸಿ ಕಳಿಸಿದೆವು. ತಲೆಯಾಡಿಸಿದರು, ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಈಗಲೂ ಬಂದರೆ ಜಗಲಿ ಹತ್ತುವುದಿಲ್ಲ. ಬೀದಿಯಲ್ಲೇ ನಿಂತು ಅಪ್ಪನನ್ನು ಕೇಳುತ್ತಾರೆ: "ನಿನ್ನ ಹೆಂಡ್ತಿ ಇದಾಳೇನಪ್ಪ? ಒಳಗಿನೋಳಲ್ಲ, ಇನ್ನೊಬ್ಳು."

ಕರ್ನಲ್

ಮನೆಯ ಕಥೆ ಮನೆಯಲ್ಲೇ ಮುಗಿಯುತ್ತದೆ. ಇದು ಮಾತ್ರ ಶಾಲೆಯ ವಾರ್ಷಿಕೋತ್ಸವದಲ್ಲಿ, ಮಕ್ಕಳು, ಪೋಷಕರು, ಊರಿನ ದೊಡ್ಡವರು ಎಲ್ಲರ ಎದುರಿಗೆ ಆಗಿದ್ದು.

ಮುಖ್ಯ ಅತಿಥಿಯಾಗಿ ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್ ಬಂದಿದ್ದರು. ಎತ್ತರದ ಆಳು, ಬಿಳಿ ಮೀಸೆ, ಗಂಭೀರ ಮುಖ. ಅವರಿಗೆ ತೋರಿಸಲೆಂದು ಶಾಲೆಯ ಹಳೆಯ ಫೋಟೋಗಳನ್ನೆಲ್ಲ ಸೇರಿಸಿ, ನನ್ನ ಬೋರ್ಡನ್ನು ಪ್ರೊಜೆಕ್ಟರಿಗೆ ಜೋಡಿಸಿ ಪರದೆಯ ಮೇಲೆ ಓಡಿಸುತ್ತಿದ್ದೆ. ನಿರೂಪಣೆಯೂ ನನ್ನದೇ. ವೇದಿಕೆಯ ಕೆಳಗೆ ಮೇಜಿನ ಹಿಂದೆ ನಾನು, ಕೈಯಲ್ಲಿ ಮೈಕು. ವೇದಿಕೆಯ ಮೇಲೆ ಕರ್ನಲ್ ಪಕ್ಕದಲ್ಲೇ ನಮ್ಮ ಹೆಡ್‌ಮಾಸ್ಟರು, ಅವರ ಮುಂದೆ ಇನ್ನೊಂದು ಮೈಕು.

ಫೋಟೋಗಳು ಚೆನ್ನಾಗಿ ಓಡುತ್ತಿದ್ದವು. ಅಷ್ಟರಲ್ಲಿ ಯಾರೋ ಮೇಜಿಗೆ ಡಿಕ್ಕಿ ಹೊಡೆದರು. ಪರದೆ ಕಪ್ಪಾಗಿ, ಬಿಳಿ ಅಕ್ಷರಗಳು ಸಾಲುಸಾಲಾಗಿ ಇಳಿದು ನಿಂತವು. ಲಿನಕ್ಸಿನಲ್ಲಿ ಎಲ್ಲವನ್ನೂ ನಡೆಸುವ ಮೂಲ ಭಾಗಕ್ಕೂ ಕರ್ನಲ್ ಅಂತಲೇ ಹೆಸರು. ಅದು ದಿಕ್ಕು ತೋಚದೆ ನಿಂತುಬಿಟ್ಟರೆ ಕರ್ನಲ್ ಪ್ಯಾನಿಕ್ ಅನ್ನುತ್ತಾರೆ. ಬರೆಯುವಾಗ ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಬೇರೆ. ನಮ್ಮ ಬಾಯಲ್ಲಿ ಎರಡೂ ಒಂದೇ.

ನಾನು ಬಗ್ಗಿ ವೈರು ನೋಡತೊಡಗಿದೆ. ಮೈಕು ಕಂಕುಳಲ್ಲಿತ್ತು, ಆನ್ ಆಗಿಯೇ ಇತ್ತು. ನಮ್ಮ ಹೆಡ್‌ಮಾಸ್ಟರಿಗೆ ದೂರದ್ದು ಓದಲು ಕನ್ನಡಕ ಬೇಕು. ಅವತ್ತು ಹಾಕಿರಲಿಲ್ಲ.

"ಏನಾಯ್ತು ಮೇಡಂ?" ಅಂತ ಮೈಕಿನಲ್ಲೇ ಕೇಳಿದರು.

"ಕರ್ನಲ್ ಪ್ಯಾನಿಕ್ ಆಗಿದೆ ಸಾರ್," ಅಂದೆ ತಲೆ ಎತ್ತದೆ.

ಮೇಜಿನ ಕೆಳಗಿದ್ದ ನನಗೆ ವೇದಿಕೆ ಕಾಣುತ್ತಿರಲಿಲ್ಲ. ಆಮೇಲೆ ಬೇರೆಯವರು ಹೇಳಿದ್ದು: ಪಿ.ಟಿ. ಮೇಷ್ಟ್ರು ನೀರಿನ ಬಾಟಲಿ ಹಿಡಿದು ವೇದಿಕೆಗೆ ಓಡಿದರಂತೆ, ಇನ್ಯಾರೋ ಟೇಬಲ್ ಫ್ಯಾನನ್ನು ಕರ್ನಲ್ ಕಡೆಗೆ ತಿರುಗಿಸಿದರಂತೆ.

"ಯಾಕೆ ಹಿಂಗಾಯ್ತು?" ಹೆಡ್‌ಮಾಸ್ಟರು ಕುರ್ಚಿಯಿಂದ ಎದ್ದು ಕೇಳಿದರು.

"ಬಿಸಿಯಾಗಿದ್ರೂ ಆಗುತ್ತೆ ಸಾರ್. ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ," ಅಂದೆ, ನನ್ನ ಪಾಡಿಗೆ ಬೋರ್ಡಿನ ಮೇಲೆ ಬೆರಳಿಡುತ್ತಾ.

ಹೆಡ್‌ಮಾಸ್ಟರು ಕರ್ನಲ್ ಹಣೆ ಮುಟ್ಟಿ ನೋಡಿದರು.

"ಬಿಸಿ ಏನಿಲ್ವಲ್ಲ ಮೇಡಂ."

"ಹಂಗಾದ್ರೆ ಮೇಲಿಂದ ಕೆಳಕ್ಕೆ ಒಂದ್ಸಲ ಅಲ್ಲಾಡಿಸಿ, ಪವರ್ ಕಿತ್ತು ಹಾಕಿದ್ರೆ ಏಳಬಹುದು ಸಾರ್."

"ಏಳದೇ ಹೋದ್ರೆ?" ಹೆಡ್‌ಮಾಸ್ಟರು ಅಳುವುದೊಂದು ಬಾಕಿ.

"ಏಳದೇ ಹೋದ್ರೆ ಏನ್ ಮಾಡೋಕಾಗುತ್ತೆ ಸಾರ್, ಎತ್ತಿ ಪಕ್ಕಕ್ಕಿಡೋದು. ನೀವು ಯೋಚನೆ ಮಾಡ್ಬೇಡಿ, ನನ್ನ ಬ್ಯಾಗಲ್ಲಿ ಇನ್ನೊಂದಿದೆ."

ಬ್ಯಾಗಿಗೆ ಕೈ ಹಾಕಿದೆ. ತಲೆ ಎತ್ತಿದೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ವೇದಿಕೆಯ ಮೇಲೆ ಕರ್ನಲ್ ಸಾಹೇಬರ ಭುಜವನ್ನು ಇಬ್ಬರು ಮೇಷ್ಟ್ರುಗಳು ಎರಡೂ ಕಡೆಯಿಂದ ಹಿಡಿದು, ಅಲ್ಲಾಡಿಸಬೇಕೋ ಬೇಡವೋ ಅನ್ನುವ ಹಾಗೆ ನಿಂತಿದ್ದರು. ಹೆಡ್‌ಮಾಸ್ಟರ ಕೈ ಇನ್ನೂ ಅವರ ಹಣೆಯ ಮೇಲೇ ಇತ್ತು. ಏನಾಗಿದೆ ಅಂತ ನನಗೆ ಆಗ ಹೊಳೆಯಿತು. ನಾಳೆಯಿಂದ ಕೆಲಸಕ್ಕೆ ಬರಬೇಕೋ ಬೇಡವೋ ಅನ್ನಿಸಿತು.

ಕರ್ನಲ್ ಸಾಹೇಬರು ನಿಧಾನವಾಗಿ ಹಣೆಯ ಮೇಲಿನ ಕೈ ತೆಗೆದು ಪಕ್ಕಕ್ಕಿಟ್ಟರು. ತಿರುಗಿ ಪರದೆಯ ಮೇಲಿದ್ದುದನ್ನು ಪೂರ್ತಿ ಓದಿದರು. ಮೀಸೆ ಸ್ವಲ್ಪ ಅಲುಗಿತು. ಮೈಕನ್ನು ಹತ್ತಿರ ಎಳೆದುಕೊಂಡರು.

"ಮೇಡಂ, ಅಷ್ಟು ವರ್ಷ ಗಡಿ ಕಾದೆ. ಗುಂಡು ಹಾರೋ ಕಡೆ ಮಲಗಿದೀನಿ. ಒಂದು ದಿನಾನೂ ಪ್ಯಾನಿಕ್ ಆದೋನಲ್ಲ. ಇವತ್ತೂ ಆಗಿರ್ಲಿಲ್ಲ." ನನ್ನ ಬ್ಯಾಗಿನ ಕಡೆ ಬೆರಳು ತೋರಿಸಿದರು: "ನಿಮ್ಮ ಬ್ಯಾಗಲ್ಲಿ ಇನ್ನೊಂದಿದೆ ಅಂದ್ರಲ್ಲ, ಆಗ ಆದೆ."