ಗಾಡಿಯ ಬೆನ್ನಿಗೆ ಅತ್ತೆಯ ಮುಖ

ಸಿಟಾಟಿ ತನ್ನ ಜೀವಮಾನದಲ್ಲಿ ನೆಟ್ಟಗೆ ಬಣ್ಣ ಹೊಡೆದದ್ದು ಒಂದೇ ಒಂದು ಆಟಿಕೆ ಟ್ರ್ಯಾಕ್ಟರಿಗೆ. ಅದನ್ನು ಕ್ರಿಸ್‌ಮಸ್ ದಿನ ಹೆಂಡತಿಯ ಅಣ್ಣ ಖಿಸಾನಿಗೆ ತೋರಿಸಿದ್ದೇ ತಪ್ಪಾಯಿತು.

ಕಿಟಾಲೆ ಊರಿನ ಜೋಳದ ಗೋದಾಮಿನಲ್ಲಿ ಮೂಟೆ ತೂಗಿಸುವ ಗುಮಾಸ್ತ ಈ ಸಿಟಾಟಿ. ಎರಡು ತಿಂಗಳ ಹಿಂದೆ ಯಾರೋ ಬಳಸಿ ಬಿಟ್ಟ ಏರ್‌ಬ್ರಶ್ ಒಂದನ್ನು ಕೊಂಡು, ಗಾಳಿಯಿಂದ ಬಣ್ಣ ಊದುವುದನ್ನು ತನ್ನಷ್ಟಕ್ಕೆ ಕಲಿಯುತ್ತಿದ್ದ. ಕಲಿಯುತ್ತಿದ್ದೇನೆ ಎಂದಷ್ಟೇ ಹೇಳಿದ್ದರೆ ಮಾನ ಉಳಿಯುತ್ತಿತ್ತು. "ಬೇಕಾದ್ರೆ ಮನುಷ್ಯರ ಮುಖಾನೂ ಬಿಡಿಸ್ತೀನಿ ಭಾವ" ಎಂದುಬಿಟ್ಟ.

ಖಿಸಾ ಅದನ್ನು ಮರೆಯಲಿಲ್ಲ. ಬಾಡಿಗೆಗೆ ಜನ ಸಾಗಿಸುವ ಹೊಸ ಮಟಾಟು ವ್ಯಾನು ಕೊಂಡವನೇ ಹೇಳಿ ಕಳಿಸಿದ: "ಹಿಂದಿನ ಬಾಗಿಲ ಮೇಲೆ ನಮ್ಮಮ್ಮನ ಮುಖ ಬರ್ಬೇಕು. ಶನಿವಾರ ನಾಲ್ಕು ಗಂಟೆಗೆ ಪಾದ್ರಿನೂ ನೆಂಟರನ್ನೂ ಕರ್ಕೊಂಡು ಬರ್ತೀನಿ. ನಮ್ಮ ಮನೆ ಮರ್ಯಾದೆ ನಿನ್ನ ಕೈಲಿದೆ."

ತೊಡಕೇನೆಂದರೆ, ಸಿಟಾಟಿ ಅತ್ತೆಯ ಮುಖವನ್ನೇ ನೋಡಿರಲಿಲ್ಲ. ಅವರ ಜನದಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಕೈ ಕುಲುಕುವಂತಿಲ್ಲ, ಎದುರು ಕೂತು ತಿನ್ನುವಂತಿಲ್ಲ. ಅತ್ತೆಗೂ ಅದೇ ಕಟ್ಟು. ಅಳಿಯ ಅಂಗಳಕ್ಕೆ ಬಂದನೆಂದರೆ ತಲೆಯ ಮೇಲೆ ಶಾಲು ಎಳೆದುಕೊಂಡು ಹಿತ್ತಿಲಿಗೆ ಓಟ. ಒಂಬತ್ತು ವರ್ಷದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದು ಜೊತೆ ಹಿಮ್ಮಡಿ ಮಾತ್ರ. ಖಿಸಾ ಕಳಿಸಿದ ಫೋಟೋದಲ್ಲೋ, ಮಾವನ ಇಬ್ಬರು ಹೆಂಡಿರು, ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಬೆರಳಿಟ್ಟು ಇವರಲ್ಲಿ ಅತ್ತೆ ಯಾರು ಎಂದು ಹೆಂಡತಿಯನ್ನು ಕೇಳುವುದಕ್ಕೂ ನಾಚಿಕೆ. ಟೋಪಿ ಹಾಕಿ ಹಲ್ಲು ಬಿಟ್ಟಿದ್ದವಳೇ ಇರಬೇಕು, ಖಿಸಾನ ಗತ್ತು ಅಲ್ಲೇ ಕಾಣುತ್ತಿದೆ ಎಂದು ತಾನೇ ತೀರ್ಮಾನಿಸಿದ.

ಶನಿವಾರ ಬೆಳಿಗ್ಗೆ ಲುಸ್ವೆಟಿಯ ಪಂಕ್ಚರ್ ಅಂಗಡಿಯ ಅಂಗಳದಲ್ಲಿ ಕೆಲಸ ಶುರುವಾಯಿತು. ಗಾಳಿಯ ಯಂತ್ರ ಇದ್ದದ್ದು ಅಲ್ಲೇ. ಸಿಟಾಟಿ ಏರ್‌ಬ್ರಶ್ಶಿನ ಗುಂಡಿ ಒತ್ತಿದ. ಬಣ್ಣ ಬರಲಿಲ್ಲ. ಹಿಂದಿನ ದಿನ ತೊಳೆಯಲು ಸೋಮಾರಿತನ ಮಾಡಿದ್ದರಿಂದ ಒಳಗೆಲ್ಲ ಒಣಗಿ ಕೂತಿತ್ತು.

"ಗಾಳಿ ಏರಿಸ್ಲಾ?" ಎಂದ ಲುಸ್ವೆಟಿ.

"ಸ್ವಲ್ಪ."

ಲುಸ್ವೆಟಿ ಲಾರಿ ಚಕ್ರಗಳ ಲೆಕ್ಕದಲ್ಲಿ ಸ್ವಲ್ಪ ಏರಿಸಿದ. ಪೈಪಿನಲ್ಲಿ ನಿಂತಿದ್ದ ನೀರೂ ಗಟ್ಟಿ ಕಪ್ಪು ಬಣ್ಣವೂ ಒಟ್ಟಿಗೆ ಹಾರಿ, ಆಗತಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದ ಅತ್ತೆಯ ಗಲ್ಲಕ್ಕೆ ಬಡಿದವು.

"ಯಜಮಾನರ ತಾಯಿಗೆ ಗಡ್ಡ ಇದ್ಯಾ?" ಲುಸ್ವೆಟಿ ಗಂಭೀರವಾಗಿಯೇ ಕೇಳಿದ. ನಿಂತು ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಟಾಟಿಯ ಕಿವಿ ಬಿಸಿಯಾಯಿತು. ಆ ರೋಷದಲ್ಲಿ ಒಳಗಿನ ಸೂಜಿಯನ್ನು ಇಕ್ಕಳದಿಂದ ಎಳೆದ. ಅದರ ತುದಿ ಬಾಗಿತು. ಮತ್ತೆ ಜೋಡಿಸಿದರೆ ಬಣ್ಣದ ಬಟ್ಟಲು ಗುಳುಗುಳು ಎಂದು ನೊರೆ ಕಕ್ಕಿತು.

"ಇಲ್ಲಿ ಕೊಡು ಮಗಾ."

ಬುಟ್ಟಿ ಇಟ್ಟುಕೊಂಡು ಆಗಿನಿಂದ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸು, ಅರವತ್ತರ ಆಸುಪಾಸಿನವಳು, ಕೈ ಚಾಚಿದಳು.

"ಅಮ್ಮಾ, ಇದು ನಾಜೂಕು ಸಾಮಾನು. ಹನ್ನೆರಡು ವರ್ಷದಿಂದ ಇದೇ ಕಸುಬು ನಂದು" ಎಂದು ಸಿಟಾಟಿ ನಾಚಿಕೆಯಿಲ್ಲದೆ ಸುಳ್ಳು ಹೇಳಿದ.

"ಗೊತ್ತಾಯ್ತು ಬಿಡು, ನೋಡ್ತಾನೇ ಇದ್ದೀನಲ್ಲ. ಇದೂ ಸೀಮೆಎಣ್ಣೆ ಸ್ಟೋವಿನ ತಮ್ಮನೇ ಕಣೋ. ಮೂವತ್ತು ವರ್ಷ ಪಿನ್ನು ಹಾಕಿದೀನಿ."

ಆಕೆ ಮೂತಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿದಳು. ಸೂಜಿಯ ತುದಿಯನ್ನು ನುಣುಪು ಕಲ್ಲಿನ ಮೇಲೆ ಮೆಲ್ಲಗೆ ಹೊರಳಿಸಿ ನೆಟ್ಟಗೆ ಮಾಡಿದಳು. ಬುಟ್ಟಿಯಿಂದ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ತೆಗೆದು ಮೂತಿಯ ತಿರುಪಿಗೆ ಸವರಿ ತಿರುಗಿಸಿದಳು. ಗಾಳಿ ಸೋರುವುದು ನಿಂತಿತು. ಪೈಪಿನ ನೀರು ಬಸಿಯಲು ಲುಸ್ವೆಟಿಗೆ ಗದರಿದಳು. ಸಿಟಾಟಿ ಗುಂಡಿ ಒತ್ತಿದ. ಬಣ್ಣ ಮಂಜಿನಂತೆ ಬಂತು.

ಅವನಿಗೆ ಅಳುವೇ ಬಂದಂತಾಯಿತು. ಎರಡೂ ಕೈಯಿಂದ ಆಕೆಯ ಕೈ ಹಿಡಿದು ಕುಲುಕಿದ. ಆಕೆ ಬೇಯಿಸಿದ ಗೆಣಸು ಮುರಿದು ಅರ್ಧ ಕೊಟ್ಟಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ತಿಂದರು, ಒಂದೇ ಲೋಟದಲ್ಲಿ ಚಹಾ ಕುಡಿದರು. "ನಿನ್ನ ಹೆತ್ತವಳು ಪುಣ್ಯವಂತೆ" ಎಂದಳು ಆಕೆ.

ಗಡ್ಡ ಅಳಿಯಿತು. ಕೆನ್ನೆ ತುಂಬಿತು, ಕಣ್ಣು ಬಂತು. ಮೂರೂವರೆಗೆ ಟೋಪಿ ಬಂತು, ಹಲ್ಲೂ ಬಂತು. ಹೆಂಗಸು ಎದ್ದು ಹತ್ತಿರ ಬಂದಳು.

"ಇದ್ಯಾರು?"

"ಗಾಡಿ ಯಜಮಾನರ ತಾಯಿ."

"ಅಲ್ಲ."

"ಅಲ್ಲ ಅಂದ್ರೆ?"

"ಅವಳ ಮೂಗು ಹಾಗಿಲ್ಲ. ಹಲ್ಲು ಹಾಗಿಲ್ಲ. ಟೋಪಿ ಅವಳು ಹಾಕಿದ್ದೇ ಇಲ್ಲ. ಅಳಿಸು."

ಬೆಳಗಿನಿಂದ ಊರವರ ಬಾಯಿಗೆಲ್ಲ ಸಿಕ್ಕಿದ್ದ ಸಿಟಾಟಿಗೆ ರೇಗಿತು. "ಏನಮ್ಮಾ, ಒಂದು ಸೂಜಿ ನೆಟ್ಟಗೆ ಮಾಡಿಕೊಟ್ಟ ಮಾತ್ರಕ್ಕೆ ತಲೆ ಮೇಲೇ ಕೂರ್ತೀರಲ್ಲ! ಆಕೆ ಮುಖ ನಿಮಗಿಂತ ನಂಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದಿಂದ ಆಕೆಯ ಅಳಿಯ ನಾನು, ಗೊತ್ತಾ?"

ಹೆಂಗಸಿನ ಬಾಯಿಂದ ಬಂದ ಕೂಗಿಗೆ ಬೀದಿಯ ಕೋಳಿಗಳೆಲ್ಲ ಚದುರಿದವು. ಶಾಲನ್ನು ತಲೆಯ ಮೇಲೆ ಸರ್ರನೆ ಎಳೆದುಕೊಂಡು, ಹಳೇ ಟೈರುಗಳ ರಾಶಿಯ ಹಿಂದಕ್ಕೆ ಓಡಿದಳು. ಓಡುತ್ತಿದ್ದ ಆ ಹಿಮ್ಮಡಿಗಳನ್ನು ಸಿಟಾಟಿ ಎಲ್ಲಿದ್ದರೂ ಗುರುತಿಸುತ್ತಿದ್ದ.

ಮುಖ ನೋಡಿದ್ದಾಯಿತು, ಕೈ ಕುಲುಕಿದ್ದಾಯಿತು, ಎಂಜಲು ಲೋಟದಲ್ಲಿ ಚಹಾ ಕುಡಿದದ್ದಾಯಿತು, ಕೊನೆಗೆ ಬೈದದ್ದೂ ಆಯಿತು. ಭೂಮಿ ಬಾಯಿ ಬಿಡಬಾರದೇ ಎಂದು ನೆಲ ನೋಡಿಕೊಂಡು ನಿಂತ. ಟೈರುಗಳ ಹಿಂದಿನಿಂದ ಪಿಸುಮಾತು ಕೇಳಿಸಿತು. ಲುಸ್ವೆಟಿ ಹೋಗಿ ಕಿವಿಗೊಟ್ಟು ಬಂದ.

"ಗಾಡಿ ನೋಡೋ ಆಸೆಗೆ ಮಗನಿಗೂ ಹೇಳದೆ ಊರಿಂದ ಬಂದ್ರಂತೆ. ಬಣ್ಣ ಹೊಡೆಯೋನು ಯಾರೋ ಕೂಲಿಯವನು ಅಂದ್ಕೊಂಡಿದ್ರಂತೆ."

"ಹಾಗಾದ್ರೆ... ಈ ಚಿತ್ರ?"

ಲುಸ್ವೆಟಿ ಮತ್ತೆ ಹೋಗಿ ಬಂದ. ನಗು ತಡೆಯಲು ಅವನು ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ. "ಅವರ ಸವತಿಯಂತೆ. ಇಪ್ಪತ್ತು ವರ್ಷದಿಂದ ಮಾತಿಲ್ವಂತೆ. ಖಿಸಾ ಬರೋದ್ರೊಳಗೆ ಅಳಿಸ್ಬೇಕಂತೆ, ಇಲ್ಲಾಂದ್ರೆ ಮಗಳನ್ನ ವಾಪಸ್ ಕರ್ಕೊಂಡು ಹೋಗ್ತಾರಂತೆ."

ಬೀದಿಯ ಕೊನೆಯಲ್ಲಿ ಹಾಡು, ಚಪ್ಪಾಳೆ ಕೇಳಿಸಿತು. ಪಾದ್ರಿಯೂ ನೆಂಟರೂ ಬರುತ್ತಿದ್ದರು. ಮುಂದಿನ ಸಾಲಿನಲ್ಲಿ ಚಿತ್ರದಲ್ಲಿದ್ದಂಥದೇ ಒಂದು ಟೋಪಿ ಕುಣಿಯುತ್ತಿತ್ತು.

ಸಿಟಾಟಿ ಬಟ್ಟಲಿಗೆ ಬಿಳಿ ಬಣ್ಣ ಸುರಿದು ಸವತಿಯ ಹಲ್ಲಿಗೆ ಗುರಿಯಿಟ್ಟು ಗುಂಡಿ ಒತ್ತಿದ. ಪುಸ್ ಎಂದಿತು, ಬಣ್ಣ ಬರಲಿಲ್ಲ. ಜಗಳದ ಹೊತ್ತಿನಲ್ಲಿ ಕೆಳಗಿಟ್ಟದ್ದು ಬಿಸಿಲಿಗೆ ಮತ್ತೆ ಒಣಗಿ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಿ ಸರಿಮಾಡಬಲ್ಲವಳು ಇಡೀ ಕಿಟಾಲೆಯಲ್ಲಿ ಒಬ್ಬಳೇ. ಅವಳು ಟೈರುಗಳ ಹಿಂದೆ ತಲೆತುಂಬ ಶಾಲು ಹೊದ್ದು ಕೂತಿದ್ದಳು. ಅಳಿಯ ಅಲ್ಲಿರುವಷ್ಟು ಹೊತ್ತು ಅವಳು ಹೊರಗೆ ಬರುವ ಹಾಗಿರಲಿಲ್ಲ.