ಇಂಡಿಕೇಟರಿಗೆ ಬಂದ ಗಾಬರಿ

ದೇವರನ್ನು ದೊಡ್ಡ ವಿಷಯಗಳಿಗೆ ಪೀಡಿಸುವವಳು ನಾನಲ್ಲ. ದೊಡ್ಡದನ್ನು ಕೇಳಲು ಅವನ ಬಾಗಿಲಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಬೇಡಿಕೆಗಳೆಲ್ಲ ಸಣ್ಣವು: ಹಾಲು ಉಕ್ಕುವ ಒಂದು ಕ್ಷಣ ಮೊದಲು ನೆನಪಾಗಲಿ, ದೋಸೆ ಕಾವಲಿ ಬಿಟ್ಟು ಏಳಲಿ, ನೆಂಟರು ಬಂದ ದಿನವೇ ಗ್ಯಾಸ್ ಮುಗಿಯದಿರಲಿ. ಇಂಥವನ್ನು ಅವನು ಹೆಚ್ಚುಕಡಿಮೆ ನಡೆಸಿಕೊಟ್ಟಿದ್ದಾನೆ, ನಾನೂ ಪ್ರತಿಯೊಂದಕ್ಕೂ ಮರೆಯದೆ ಕೈಮುಗಿದಿದ್ದೇನೆ. ಆದರೆ ಸ್ಕೂಟರಿನ ಇಂಡಿಕೇಟರಿಗಾಗಿ ದೇವರೆದುರು ನಿಲ್ಲಬೇಕಾಗುತ್ತದೆ ಎಂದು ನಾನಾಗಲಿ, ಬಹುಶಃ ದೇವರಾಗಲಿ ಎಣಿಸಿರಲಿಲ್ಲ.

ಇದಕ್ಕೆಲ್ಲ ಮೂಲಪುರುಷರು ನನ್ನ ಯಜಮಾನರು. ಗಲ್ಫಿನಲ್ಲಿ ಹೋಟೆಲೊಂದರ ಸ್ಟೋರು ನೋಡಿಕೊಂಡಿದ್ದು, ಈಗ ಸಿದ್ಧಕಟ್ಟೆಯಲ್ಲಿ ಮದುವೆ-ಮುಂಜಿಗೆ ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುತ್ತಾರೆ. ಅಲ್ಲಿಂದ ಬರುವಾಗ ಕೆಲವರು ಚಿನ್ನ ತಂದರು, ಕೆಲವರು ಸಕ್ಕರೆ ಕಾಯಿಲೆ ತಂದರು. ಇವರು ತಂದದ್ದು ಎಲ್‌ಇಡಿಯ ಹುಚ್ಚು. ಮೊದಲು ಜಗಲಿ, ಆಮೇಲೆ ಬಚ್ಚಲು, ಆಮೇಲೆ ಹಟ್ಟಿ. ಹಟ್ಟಿಯಲ್ಲಿ ಬಲ್ಬು ಹಾಕಿದ ದಿನ ದನ ರಾತ್ರಿಯೇ ಆಗಲಿಲ್ಲವೆಂದು ತಿಳಿದು ಹುಲ್ಲು ಮೇಯುತ್ತಲೇ ಇತ್ತು. ಕಡೆಗೆ ದೇವರ ಕೋಣೆಗೂ ಹಾಕಿದರು. ಹಳೆಯ ಹಳದಿ ಬೆಳಕಿನಲ್ಲಿ ಗಂಭೀರವಾಗಿ ಕಾಣುತ್ತಿದ್ದ ನಮ್ಮ ದೇವರು ಈಗ ಪಾಸ್‌ಪೋರ್ಟಿನ ಫೋಟೋಕ್ಕೆ ಕೂತವರ ಹಾಗೆ ಕಾಣುತ್ತಾರೆ. ಅವರೇನೂ ದೂರಲಿಲ್ಲ, ನಾನೂ ಸುಮ್ಮನಾದೆ. ಮನೆಯಲ್ಲಿ ಬದಲಿಸಲು ಇನ್ನೇನೂ ಉಳಿಯದಾಗ ಇವರ ಕಣ್ಣು ನನ್ನ ಸ್ಕೂಟರಿನ ಮೇಲೆ ಬಿತ್ತು.

ಈ ಸ್ಕೂಟರು ನಮ್ಮ ಮನೆಗೆ ಬಂದದ್ದೇ ಅತ್ತೆಯ ಹೆಸರಿನಲ್ಲಿ. "ಮನೆಯಲ್ಲಿರುವ ಹೆಂಗಸಿಗೆ ಗಾಡಿ ಯಾಕೆ?" ಎಂದು ಇವರು ರಾಗ ಎಳೆದಾಗ, "ನನ್ನನ್ನು ಮಂಗಳವಾರ ಮೂಡುಬಿದಿರೆಯ ದೇವಸ್ಥಾನಕ್ಕೆ ನೀನು ಹೊತ್ತುಕೊಂಡು ಹೋಗ್ತೀಯಾ?" ಎಂದು ಕೇಳಿದವರು ಅತ್ತೆ. ಗಾಡಿ ಬಂತು. ಮಂಗಳವಾರ ಅತ್ತೆಯದ್ದು; ಉಳಿದ ದಿನಗಳಲ್ಲಿ ಭಜನೆಗೆ, ಪೇಟೆಗೆ, ಬಂಟ್ವಾಳದ ಅಕ್ಕನ ಮನೆಗೆ ಯಾರ ಮುಖವನ್ನೂ ನೋಡದೆ ಹೊರಡುವವಳು ನಾನು. ಹಾಗಾಗಿ ಅತ್ತೆ ಹಿಂದೆ ಕೂತಷ್ಟು ದಿನ ಮಾತ್ರ ಗಾಡಿ ನನ್ನದು. ಅವರು ಇಳಿದರೆ ನಾನೂ ಇಳಿದ ಹಾಗೆಯೇ.

ಇಂಡಿಕೇಟರಿನ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿದ ಇವರು, ಹಳೆಯವನ್ನು ಆ ಕೂಡಲೇ ಗುಜರಿಯವನಿಗೆ ಕೊಟ್ಟುಬಿಟ್ಟರು. ನಾನು ಸ್ವಿಚ್ ಒತ್ತಿದೆ. ಅಷ್ಟು ದಿನ ಊಟವಾದ ಮೇಲೆ ಎಲೆಯಡಿಕೆ ಜಗಿಯುವವರ ಹಾಗೆ ನಿಧಾನವಾಗಿ ಟಿಕ್, ಟಿಕ್ ಎನ್ನುತ್ತಿದ್ದ ಇಂಡಿಕೇಟರು ಒಮ್ಮೆಗೇ ಟಿಕಟಿಕಟಿಕಟಿಕ ಎಂದು ಬಡಿದುಕೊಳ್ಳತೊಡಗಿತು. "ಇದೇನು, ಗಾಡಿಗೆ ಜ್ವರವಾ?" ಎಂದರು ಅತ್ತೆ. "ಜ್ವರ ಅಲ್ಲ ಅಮ್ಮ, ಚುರುಕು," ಎಂದರು ಇವರು.

ಆ ಚುರುಕಿನಲ್ಲೇ ಮಂಗಳವಾರ ಹೊರಟೆವು. ಗದ್ದೆ ಬದಿಯಿಂದ ಮುಖ್ಯ ರಸ್ತೆಗೆ ತಿರುಗುವಾಗ ಇಂಡಿಕೇಟರ್ ಹಾಕಿದೆ. ತಿರುಗಿದ ಮೇಲೆ ಆರಿಸಲು ಮರೆತೆ. ರಸ್ತೆ ಅಗಲ ಮಾಡುತ್ತಿದ್ದ ಕಾರಣ ಧೂಳೋ ಧೂಳು. ಅತ್ತೆ ಬಿಳಿ ಟವೆಲನ್ನು ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಲೆ ವಾಲಿಸಿ ನಾಮ ಹೇಳುತ್ತಿದ್ದರು. ಟವೆಲಿನ ತುದಿ ಗಾಳಿಗೆ ಪಟಪಟ ಹಾರುತ್ತಿತ್ತು. ನಮ್ಮ ಕಡೆ ಸೀರಿಯಸ್ ಕೇಸನ್ನು ಕಾರಿನಲ್ಲಿ ಆಸ್ಪತ್ರೆಗೆ ಕೊಂಡೊಯ್ಯುವಾಗ ಲೈಟು ಮಿನುಗಿಸುತ್ತಾ, ಕಿಟಕಿಯಿಂದ ಬಿಳಿ ಬಟ್ಟೆ ಬೀಸುತ್ತಾ ಹೋಗುತ್ತಾರೆ. ಅದನ್ನು ಕಂಡವರು ಯಾರು, ಏನು ಎಂದು ಕೇಳದೆ ದಾರಿ ಬಿಡುತ್ತಾರೆ. ನಮ್ಮ ಜನರಲ್ಲಿ ನಾನು ಮೆಚ್ಚುವ ಗುಣ ಇದು. ಆ ದಿನ ಆ ಗುಣ ನಮ್ಮ ಬೆನ್ನು ಹತ್ತಿತು.

ಒಂದು ಆಟೋ ಪಕ್ಕಕ್ಕೆ ಬಂತು. ಅದರ ಚಾಲಕ ಅತ್ತೆಯನ್ನು ನೋಡಿದ, ಬಡಿದುಕೊಳ್ಳುವ ಲೈಟನ್ನು ನೋಡಿದ. "ಅಕ್ಕ, ಹೆದರಬೇಡಿ! ನನ್ನ ಹಿಂದೆಯೇ ಬನ್ನಿ!" ಎಂದು ಕೂಗಿ, ಹಾರ್ನು ಒತ್ತಿ ಹಿಡಿದು ಮುಂದೆ ನುಗ್ಗಿದ. ನನಗೆ ಏನೂ ಅರ್ಥವಾಗಲಿಲ್ಲ. ಆದರೆ ಮುಂದೆ ದಾರಿ ತೆರೆಯುತ್ತಾ ಹೋಯಿತು. ಯಮನೇ ಕೋಣದ ಮೇಲೆ ಬಂದರೂ ಸೈಡ್ ಕೊಡದ ನಮ್ಮ ಲೈನಿನ ಬಸ್ಸು, ಡಾಮರು ಬಿಟ್ಟು ಮಣ್ಣಿಗೆ ಇಳಿದು ನಿಂತಿತು. ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದವರು ಎದ್ದು ನಿಂತರು. ಇವತ್ತು ದೇವಿಯ ಕೃಪೆ ಒಂದು ಗುಲಗಂಜಿ ಹೆಚ್ಚೇ ಉಂಟು ಎಂದುಕೊಂಡು ನಾನೂ ಎಕ್ಸಲರೇಟರ್ ತಿರುಗಿಸಿದೆ. ಆಟೋ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು, ಹಿಂದೆಯೇ ನಾನೂ.

ಗಾಲಿ ಕುರ್ಚಿಯೊಂದಿಗೆ ಓಡಿಬಂದ ನರ್ಸ್, "ಅಜ್ಜಿಗೆ ಏನಾದದ್ದು?" ಎಂದು ಕೇಳಿದಳು.

ಅತ್ತೆ ಕಣ್ಣು ತೆರೆದರು. "ಅಜ್ಜಿಗೆ ಹಸಿವಾದದ್ದು. ನನ್ನನ್ನು ಇಲ್ಲಿಗೆ ಯಾಕೆ ತಂದದ್ದು? ಅಲ್ಲಿ ದೇವಸ್ಥಾನದಲ್ಲಿ ಊಟದ ಪಂಕ್ತಿ ಏಳ್ತದೆ!"

"ಲೈಟು ಹಾಗೆ ಬಡ್ಕೊಳ್ತಾ ಇತ್ತಲ್ಲ ಅಕ್ಕ!" ಎಂದ ಆಟೋದವ, ಪಾಪ, ಅಳುವ ಮುಖ ಮಾಡಿ. ಬಂದ ಮೇಲೆ ಬಿಡುವುದುಂಟೇ ಎಂದು ನರ್ಸ್ ಇಬ್ಬರ ಬಿಪಿಯನ್ನೂ ನೋಡಿದಳು. ಅತ್ತೆಯದ್ದು ಸರಿ ಇತ್ತು. ಮಾತ್ರೆ ಬರೆದುಕೊಟ್ಟದ್ದು ನನಗೆ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜಗಲಿಯಲ್ಲಿ ಎಳನೀರು, ಬಾಳೆಗೊನೆ ಹಿಡಿದ ನೆಂಟರು. ಗಟ್ಟಿಮುಟ್ಟಾಗಿ ನಡೆದು ಬಂದ ಅತ್ತೆಯನ್ನು ಕಂಡು ಒಂದಿಬ್ಬರಿಗೆ ಸ್ವಲ್ಪ ನಿರಾಸೆಯೇ ಆಯಿತು. ಅತ್ತೆ ಎಲ್ಲರೆದುರು ಹೇಳಿಬಿಟ್ಟರು: "ಆ ಹುಚ್ಚು ಗಾಡಿಯಲ್ಲಿ ಇನ್ನು ನಾನು ಕೂರುವುದಿಲ್ಲ." ಇವರು ತಕ್ಷಣ, "ಹಾಗಾದ್ರೆ ಮುಂಡಾಜೆಯಲ್ಲಿರುವ ನನ್ನ ತಮ್ಮ ಒಂದು ಗಾಡಿ ಬೇಕು ಅಂತ ಕೇಳ್ತಿದ್ದಾನೆ. ಮಂಗಳವಾರದ ಒಳಗೆ ಕೊಟ್ಟುಬಿಡುವ," ಎಂದರು. "ಆ ಎಲ್‌ಇಡಿ ತೆಗೆಯಿರಿ ಮೊದಲು," ಎಂದೆ. "ಎಲ್‌ಇಡಿಯಲ್ಲಿ ದೋಷ ಇಲ್ಲ. ಓಡಿಸುವವರ ಗಾಬರಿ ಗಾಡಿಗೆ ಇಳಿದಿದೆ." ಆ ರಾತ್ರಿ ಇವರ ಬಟ್ಟಲಿಗೆ ಉಪ್ಪಿನಕಾಯಿ ಬೀಳಲಿಲ್ಲ.

ಮರುದಿನ ಬಸ್ಸು ಹಿಡಿದು ಬಂಟ್ವಾಳದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ನಾನು ಟಿಕಟಿಕ ಎಂದು ಬಾಯಲ್ಲೇ ಮಾಡಿ ತೋರಿಸಿದೆ. ಅಂಗಡಿಯವರು ಮೊಬೈಲಿನಿಂದ ತಲೆ ಎತ್ತದೆ, "ಎಲ್‌ಇಡಿ ಹಾಕಿದ್ದೀರಾ? ರಿಲೇ ಬದಲಿಸಬೇಕು," ಎಂದರು. ಎರಡು ಸಲ ಕೇಳಿದ ಮೇಲೆ ವಿವರಿಸಿದರು. ಲೈಟನ್ನು ಹತ್ತಿಸಿ ಆರಿಸುವುದೇ ಆ ರಿಲೇ. ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಬಲ್ಬು ಸುಟ್ಟಿದೆ ಎಂದೇ ಅದು ತಿಳಿದು, ನಮ್ಮನ್ನು ಎಚ್ಚರಿಸಲು ಹಾಗೆ ಬಡಿದುಕೊಳ್ಳುತ್ತದಂತೆ. ನನಗೆ ಥಟ್ಟನೆ ತಿಳಿಯಿತು. ಔತಣದಲ್ಲಿ ನೆಂಟರು ಎರಡೇ ತುತ್ತು ಉಂಡರೆ, "ಸಾರು ಸರಿ ಇಲ್ಲವಾ? ಮೈ ಹುಷಾರಿಲ್ಲವಾ?" ಎಂದು ಪಂಕ್ತಿಯ ಉದ್ದಕ್ಕೂ ಓಡಾಡುವ ನನ್ನದೇ ಜಾತಿ ಅದು. ಸ್ವಲ್ಪ ಉಣ್ಣುವವರನ್ನು ಕಂಡು ಗಾಬರಿಯಾಗದ ರಿಲೇ ಬೇರೆಯೇ ಸಿಗುತ್ತದಂತೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಕೊಂಡು ತಂದೆ.

ಇವರು ಅಂಗಡಿಗೆ ಹೋದ ಹೊತ್ತು ನೋಡಿ, ದೇವರ ಹೆಸರು ಹೇಳಿ, ಗಾಡಿಯ ಎದುರಿನ ಮುಚ್ಚಳ ಬಿಚ್ಚಿದೆ. ಹಳೆಯದನ್ನು ಕಿತ್ತು ಹೊಸದಕ್ಕೆ ಎರಡು ವಯರು ಚುಚ್ಚಿದೆ. ಲೈಟು ಹೊತ್ತಲೇ ಇಲ್ಲ! ವಯರು ಅದಲುಬದಲು ಮಾಡಿ ಚುಚ್ಚಿದೆ. ಟಿಕ್... ಟಿಕ್... ಕಣ್ಣಲ್ಲಿ ನೀರು ಬಂತು ನೋಡಿ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಹಟ್ಟಿಯ ದನ ನೋಡುವ ಹಾಗೆ ಗಾಡಿಗೆ ಒಂದು ಸುತ್ತು ಬಂದು, "ಜ್ವರ ಇಳಿದಿದೆ. ಮಂಗಳವಾರ ಹೋಗುವ," ಎಂದರು. ಸಂಜೆ ಇವರು ಅದನ್ನು ನೋಡಿ, "ನಾನು ಹೇಳಲಿಲ್ವಾ? ಎಲ್‌ಇಡಿ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು," ಎಂದರು. ಗಾಡಿ ಉಳಿಯಿತಲ್ಲ ಎಂದು ಉಪ್ಪಿನಕಾಯಿ ಬಡಿಸಿದೆ.

ಮಂಗಳವಾರ ಮೂಡುಬಿದಿರೆಯಲ್ಲಿ ದೇವಸ್ಥಾನದ ಕಡೆ ಬಲಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕಿ ನಿಂತೆ. ಅದು ಸಭ್ಯವಾಗಿ ಮಿನುಗಿತು. ಒಬ್ಬರೂ ಕ್ಯಾರೇ ಎನ್ನಲಿಲ್ಲ. ಬಸ್ಸು, ಲಾರಿ, ಮತ್ತೆ ಬಸ್ಸು.

"ಯಾಕೆ ನಿಂತದ್ದು?" ಎಂದರು ಅತ್ತೆ.

"ಯಾರೂ ಬಿಡ್ತಾ ಇಲ್ಲ ಅತ್ತೆ."

"ಕಳೆದ ವಾರ ಬಿಟ್ಟಿದ್ರಲ್ಲ?"

"ಆಗ ಗಾಡಿ ಹಾಳಾಗಿತ್ತಲ್ಲ."

ಇನ್ನೊಂದು ಲಾರಿ ಹೋಯಿತು. ಆಮೇಲೆ ನನ್ನ ಕಿವಿಯ ಬುಡದಲ್ಲೇ, "ಅಯ್ಯಯ್ಯೋ... ಎದೆ... ಎದೆ..." ಎಂಬ ಭಯಂಕರ ನರಳಾಟ ಕೇಳಿಸಿ, ಅವರ ತಲೆ ನನ್ನ ಭುಜಕ್ಕೆ ಬಿತ್ತು. "ಅತ್ತೇ!" ಎಂದು ನಾನೂ ಕಿರುಚಿದೆ. ಎದುರಿನ ಬಸ್ಸು ಕಿರ್ರೆಂದು ನಿಂತಿತು. ಆಗ ನನ್ನ ಸೊಂಟಕ್ಕೊಂದು ಚಿವುಟು. "ಹೋಗು ಮಾರಾಯ್ತಿ, ನಿಂತಿದಾನೆ!"

ಹೋದೆ. ದೇವಿಯ ಎದುರು ಕಣ್ಣು ಮುಚ್ಚಿ, ಅತ್ತೆಯ ಪರವಾಗಿ ಮನಸಾರೆ ಕ್ಷಮೆ ಕೇಳಿದೆ. ಸುಳ್ಳಿನಿಂದ ಸಿಕ್ಕಿದ ದಾರಿ ನಮಗೆ ಬೇಡ ತಾಯಿ ಎಂದೂ ಹೇಳಿದೆ. ಊಟ ಮುಗಿಸಿ ಹಿಂದಿರುಗುವಾಗ ಅದೇ ತಿರುವಿನಲ್ಲಿ ಬಸ್ಸುಗಳ ಸಾಲು ಹಾಗೆಯೇ ಇತ್ತು. ಹೋಳಿಗೆ ಉಂಡ ಅತ್ತೆ ನನ್ನ ಬೆನ್ನಿಗೊರಗಿ ಗೊರಕೆ ಹೊಡೆಯುತ್ತಿದ್ದರು. ಪಾಪ, ಅವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ನಾನೇ ನರಳಿದೆ.