ಕೆಂಪಾಪುರದ ಸಂಬಂಧಕ್ಕೆ ಪಿಸ್ಟನ್ ರಿಂಗು

ಇಂಜಿನ್ ಬಿಚ್ಚಿದರೆ ಒಳಗೆ ಬರೀ ಕಬ್ಬಿಣ ಇರುತ್ತದೆ ಅಂದುಕೊಂಡವರು ಒಂದು ವಾರ ನನ್ನ ಅಂಗಡಿಯಲ್ಲಿ ಬಂದು ಕೂರಬೇಕು. ಚನ್ನಪಟ್ಟಣದಲ್ಲಿ ನನ್ನದು ಸವೆದ ಇಂಜಿನ್ ಕೊರೆದು ಸರಿಮಾಡುವ ಬೋರಿಂಗ್ ಶಾಪ್. ಬಿಚ್ಚಿದ ಒಂದೊಂದು ಇಂಜಿನ್ನಿನ ಹಿಂದೆ ಒಂದೊಂದು ಮನೆತನವೇ ಬಂದು ಬೆಂಚಿನ ಮೇಲೆ ಕೂರುತ್ತದೆ. ಕೆಲಸದ ವಿಷಯದಲ್ಲಿ ನನಗೆ ಯಾರ ಭಯವೂ ಇಲ್ಲ. ನಾನು ಕೂರಿಸಿದ ಪಿಸ್ಟನ್ ರಿಂಗು ಇದುವರೆಗೆ ವಾಪಸ್ ಬಂದಿಲ್ಲ, ಬರುವುದೇನಿದ್ದರೂ ಜನ.

ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಅಲ್ಲಿ ಲೇತ್ ಕೆಲಸಕ್ಕಿದ್ದ ಬೈರಾಪಟ್ಟಣದ ಯುವಕನೊಬ್ಬ ಅವರಪ್ಪನ ಕಾಲದ ದೊಡ್ಡ ಬೈಕನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದ. ಅವನಿಗೆ ಕೆಂಪಾಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆ ಬಹಳ ವರ್ಷ ಲಾರಿ ಓಡಿಸಿದವರು. ಈ ಬೈಕು ಮಾಗಡಿ ಪೇಟೆಯಲ್ಲಿ ಹೊಗೆ ಕಾರಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದರು. "ಸ್ವಂತ ಇಂಜಿನ್ನೇ ನೋಡ್ಕೊಳ್ಳದೋನು ನನ್ ಮಗಳ್ನ ಏನ್ ನೋಡ್ಕೊಂಡಾನು? ಹೊಗೆ ನಿಂತ್ರೆ ಬರ್ಲಿ" ಎಂದು ಹೇಳಿ ಕಳಿಸಿದ್ದರಂತೆ.

"ಅಣ್ಣ, ಹೊಗೆನೂ ನಿಲ್ಬೇಕು, ಏರಲ್ಲಿ ಕಾರ್‌ಗಳ್ನೂ ಹಿಂದಾಕ್ಬೇಕು" ಅಂದ.

ಎರಡೂ ರಿಂಗಿನ ಕೆಲಸವೇ. ಪಿಸ್ಟನ್ ಸುತ್ತ ಬಳೆಯಂತೆ ಕೂರುವ ಮೂರು ರಿಂಗು ಸವೆದರೆ ಆಯಿಲ್ ಮೇಲೆ ಹತ್ತಿ ಉರಿಯುತ್ತದೆ, ಪವರ್ ಕೆಳಗೆ ಸೋರುತ್ತದೆ. ಪಿಸ್ಟನ್ ಓಡಾಡುವ ಕೊಳವೆ, ಅದೇ ಬೋರು, ಒಸಿ ದೊಡ್ಡದು ಮಾಡಿ, ಹೊಸ ಪಿಸ್ಟನ್ ಹಾಕಿ, ಒಳ್ಳೆಯ ರಿಂಗು ಆರಿಸಿ ಕೂರಿಸಿದರೆ ಆಗುತ್ತದೆ ಅಂದೆ. ಆರಿಸುವುದು ನಾನೊಬ್ಬನೇ ಅಂತ ಆಗ ತಿಳಿದಿದ್ದೆ.

ಮಡಕೆ ಪರೀಕ್ಷೆ

ರಿಂಗು ಆರಿಸಲು ಅವನ ಸೋದರಮಾವನೂ ಬಂದರು. ಊರಲ್ಲಿ ಎತ್ತು, ಹೆಣ್ಣು, ಮೋಟರ್ ಪಂಪು ಏನು ತರಬೇಕಾದರೂ ಮುಂದೆ ನಿಲ್ಲುವ ಯಜಮಾನರು. ಹಾರೋಹಳ್ಳಿ ರಸ್ತೆಯ ಧೂಳಿಗೆ ಕ್ರೋಮ್ ಲೇಪದ ರಿಂಗೇ ಸರಿ ಎಂದು ನಾನು ಒಂದು ಸೆಟ್ ಬಿಚ್ಚಿ ಮುಂದಿಟ್ಟೆ.

ಯಜಮಾನರು ಒಂದನ್ನು ಎತ್ತಿಕೊಂಡು ಉಗುರಲ್ಲಿ ತಟ್ಟಿ ಕಿವಿಗಿಟ್ಟುಕೊಂಡರು. ಸಂತೆಯಲ್ಲಿ ಮಡಕೆ ಕೊಳ್ಳುವ ಕ್ರಮ ಅದು. ಸದ್ದು ಸರಿಯಾಗಿ ಕೇಳಿಸಲಿಲ್ಲವೆಂದು ಕಲ್ಲುಚಪ್ಪಡಿಯ ಮೇಲೆ ಎತ್ತಿ ಹಾಕಿದರು. ಒಳಗೆ ಬೀಡುಕಬ್ಬಿಣ, ರಿಂಗು ಎರಡು ತುಂಡಾಯಿತು.

ನಾನು ಬಾಯಿ ತೆರೆಯುವ ಮೊದಲೇ ಅವರು ಅಳಿಯನ ಕಡೆ ತಿರುಗಿದರು. "ನೋಡ್ದೇನ್ಲಾ? ನಾನು ಪರೀಕ್ಸೆ ಮಾಡ್ಲಿಲ್ಲ ಅಂದಿದ್ರೆ ಇದು ಇಂಜಿನ್ ಒಳಗೆ ಮುರೀತಿತ್ತು."

ಅರಿಶಿನ ಕುಂಕುಮ

ಇನ್ನೊಂದು ಸೆಟ್ ತರಿಸಿದೆ. ಈ ಸಲ ಯಜಮಾನರ ಕೈಗೆ ಸಿಗದ ಹಾಗೆ ಹುಡುಗನ ಕೈಗೇ ಕೊಟ್ಟು, ನಾಳೆ ತಾ ಅಂದೆ. ಅದು ನನ್ನ ಜಾಣತನ. ಮಾರನೆಯ ದಿನ ರಿಂಗುಗಳ ಜೊತೆ ಅವನ ತಾಯಿಯೂ ಬಂದರು. ರಿಂಗುಗಳಿಗೆ ಅರಿಶಿನ, ಕುಂಕುಮ, ಸಾಲದ್ದಕ್ಕೆ ವಿಭೂತಿ. ದೇವರ ಮುಂದೆ ಇಡೀ ರಾತ್ರಿ ಇಟ್ಟಿದ್ದರಂತೆ.

ಇಂಜಿನ್ ಒಳಗೆ ಒಂದು ಚಿಟಿಕೆ ಪುಡಿ ಹೋದರೂ ಹೊಸ ಬೋರಿನಲ್ಲಿ ಗೀರು ಬೀಳುತ್ತದೆ. ನಾನು ಮೂರನ್ನೂ ಪೆಟ್ರೋಲಿನಲ್ಲಿ ಅದ್ದಿ ತೊಳೆದೆ. ತಾಯಿಯ ಮುಖ ಬಾಡಿಹೋಯಿತು.

"ಅಲ್ಲ ಕಣಪ್ಪ, ದೇವ್ರದ್ದು ತೊಳ್ದುಬುಟ್ಟಲ್ಲ. ನನ್ ಮಗನ ಮದ್ವೆ ಇದ್ರ ಮೇಲೆ ನಿಂತೈತೆ."

ನನಗೂ ಅಯ್ಯೋ ಅನ್ನಿಸಿತು. "ಅವ್ವಾ, ಇಂಜಿನ್ ಒಳಗೆ ಬೇಡ, ಹೊರಗೆ ಎಲ್ಲಿ ಬೇಕಾದ್ರೂ ಇಡಿ" ಅಂದೆ. ಅವರು ಕುಂಕುಮದ ಪೊಟ್ಟಣ ಬಿಚ್ಚಿ ನೇರವಾಗಿ ನನ್ನ ಹಣೆಗೇ ಹಚ್ಚಿದರು. "ಸರಿ, ಈಗ ಹೊಗೆ ಬಂದ್ರೆ ನಿನ್ನನ್ನೇ ಕೇಳ್ತೀನಿ."

ಯಮನ ದಿಕ್ಕು

ರಿಂಗಿನ ಎರಡು ತುದಿಗಳ ನಡುವೆ ಸಣ್ಣ ಸಂದು ಇರುತ್ತದೆ, ನಾವು ಬಾಯಿ ಅನ್ನುತ್ತೇವೆ. ಬಿಸಿಯಾದಾಗ ರಿಂಗು ಹಿಗ್ಗಲು ಜಾಗ ಬೇಕಲ್ಲ, ಅದಕ್ಕೆ. ಜೋರು ಓಡಿಸುವ ಇಂಜಿನ್ ಆದರೆ ಬಾಯಿ ಕೂದಲೆಳೆಯಷ್ಟು ಹೆಚ್ಚಿಗೆ ಬಿಡಬೇಕು. ಮೂರು ಬಾಯಿಗಳೂ ಒಂದೇ ನೇರಕ್ಕೆ ಬರಬಾರದು ಎಂದು ಮೂರು ಕಡೆಗೆ ತಿರುಗಿಸಿ ಕೂರಿಸುತ್ತೇವೆ.

ಕೂರಿಸುವಾಗ ಯಜಮಾನರು ಹಾಜರ್. "ಮೇಸ್ತ್ರಿ, ಯಾವ್ದೂ ದಕ್ಷಿಣಕ್ಕೆ ಬಾಯಿ ಬುಡಬಾರ್ದು. ಯಮನ ದಿಕ್ಕು."

"ಯಜಮಾನ್ರೇ, ಬೈಕು ಎಲ್ಲಾ ದಿಕ್ಕಿಗೂ ತಿರುಗುತ್ತೆ. ರಿಂಗೂ ಒಳಗೆ ತಿರುಗ್ತಾನೇ ಇರುತ್ತೆ" ಅಂದೆ.

"ಮನೆ ಬಾಗ್ಲು ಇಡೋವಾಗ ದಿಕ್ಕು ನೋಡ್ತೀವಿ. ಆಮೇಕೆ ಮನೇರು ಎಲ್ಲೆಲ್ಲಿ ತಿರುಗ್ತಾರೆ ಅಂತ ನೋಡ್ಕೊಂಡು ಕೂತಿರ್ತೀವಾ?"

 ಉತ್ತರ ಕೊಡುವ ಬದಲು ಒಂದು ಬಾಯಿಯನ್ನು ಉತ್ತರಕ್ಕೆ ಇಟ್ಟು, ಉಳಿದೆರಡನ್ನೂ ದಕ್ಷಿಣ ತಪ್ಪಿಸಿ ಕೂರಿಸಿದೆ.

ಬಿಳಿ ಟವೆಲ್

ಮೆಲ್ಲಗೆ ಓಡಿಸಿ ಹೊಸ ರಿಂಗನ್ನು ಮುದ್ದು ಮಾಡಿದರೆ ಅದು ಬೋರಿಗೆ ಒಗ್ಗುವುದಿಲ್ಲ. "ಏರು ಹತ್ಸು, ಜೋರು ಬುಡು, ಇಳ್ಸು, ಮತ್ತೆ ಏರ್ಸು" ಎಂದು ಹೇಳಿ ಕಳಿಸಿದೆ. ಹುಡುಗ ರಾಮನಗರದ ಗುಡ್ಡಗಳ ಸುತ್ತ ಹಾಗೇ ಓಡಿಸಿದ. ಮೊದಲು ಒಸಿ ಹೊಗೆ ಬಂತಂತೆ, ಆಮೇಲೆ ನಿಂತಿತು. ಭಾನುವಾರ ಸೋದರಮಾವನನ್ನು ಹಿಂದೆ ಕೂರಿಸಿಕೊಂಡು ಕೆಂಪಾಪುರಕ್ಕೆ ಹೋದ. ಮುಂದಿನದನ್ನೆಲ್ಲ ಅವನೇ ಬಂದು ನನಗೆ ಹೇಳಿದ್ದು.

ಹುಡುಗಿಯ ತಂದೆ ಒಳಗೆ ಬನ್ನಿ ಅನ್ನಲಿಲ್ಲ. ಬೈಕು ಸ್ಟಾರ್ಟ್ ಮಾಡಿಸಿ, ಹೆಗಲ ಮೇಲಿದ್ದ ಬಿಳಿ ಟವೆಲ್ ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದರು. ಆಯಿಲ್ ಉರಿಯುತ್ತಿದ್ದರೆ ಬಟ್ಟೆಗೆ ಕಪ್ಪು ಜಿಡ್ಡು ಕೂರುತ್ತದೆ. ಹಳೆಯ ಲಾರಿಯವರ ಪರೀಕ್ಷೆ ಅದು. ಟವೆಲ್ ತಿರುಗಿಸಿ ನೋಡಿದರು, ಮೂಸಿದರು. ಒಂದು ಚುಕ್ಕೆಯೂ ಇರಲಿಲ್ಲ.

"ರಿಂಗ್ ಕೂರ್ಸಿರೋನು ಕೆಲ್ಸ ಬಲ್ಲ" ಅಂದರಂತೆ. ಈ ಮಾತನ್ನು ಹುಡುಗನಿಂದ ನಾನು ಇನ್ನೊಮ್ಮೆ ಹೇಳಿಸಿ ಕೇಳಿದೆ. ಸಂಕೋಚವೇನಿಲ್ಲ, ಖುಷಿಯಾಯಿತು.

ಆಮೇಲೆ ಅವರು, "ಏರಲ್ಲಿ ಹೆಂಗ್ ಎಳೀತದೆ ಅಂತ ಒಸಿ ನೋಡ್ಕಂಡ್ ಬತ್ತೀನಿ, ನೀವು ಕೂತಿರಿ" ಎಂದು ಬೈಕು ಹತ್ತಿ ಹೋದರು. ಹೋದವರು ಬರಲೇ ಇಲ್ಲ. ಒಳಗಿಂದ ಜಗಲಿಗೆ ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಹುಡುಗಿ ಕಾಫಿ ತಂದಳು, ಎದುರಿಗೆ ಕೂತಳು, ಯಜಮಾನರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಎದ್ದು ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಅವಳ ತಂದೆ ಕೆದರಿದ ಕೂದಲಲ್ಲಿ, ಇಪ್ಪತ್ತು ವರ್ಷ ಚಿಕ್ಕವರಾಗಿ ವಾಪಸ್ ಬಂದರು.

"ನನ್ ಒಪ್ಗೆ ಐತೆ. ಮಗಳ್ನ ಕೇಳಿ" ಅಂದರು.

ಹುಡುಗಿ ಬಾಗಿಲ ಹಿಂದಿನಿಂದಲೇ ಹೇಳಿದಳಂತೆ: "ಇಲ್ಲೀಗಂಟ ಬಂದೋರೆಲ್ಲ ನನ್ನ ಅಡಿಯಿಂದ ಮುಡೀವರ್ಗೂ ಅಳೆಯೋರು. ಇವ್ರು ಒಂದ್ ಸಲನೂ ಕಣ್ಣೆತ್ತಿ ನೋಡ್ಲಿಲ್ಲ. ಇಂಥ ಸಂಭಾವಿತರು ಸಿಗಲ್ಲ. ಇವ್ರೇ ಆಗ್ಲಿ."

ಹುಡುಗ ಇಷ್ಟು ಹೇಳಿ ನನ್ನ ಬೆಂಚಿನ ಮೇಲೆ ಕುಸಿದು ಕೂತ. ಸಂತೋಷ ಪಡೋ ಬದಲು ಯಾಕಪ್ಪಾ ಹೀಗೆ ಅಂದೆ.

"ನಾನ್ ರಸ್ತೆ ನೋಡ್ತಾ ಕೂತಿದ್ದೆ ಕಣಣ್ಣ, ಆವಯ್ಯ ಬೈಕ್ ಎಲ್ಲಿ ಬೀಳ್ಸುದ್ನೋ ಅಂತ. ಲಗ್ನಕ್ಕೆ ದಿನ ಇಟ್ಬುಟ್ಟವ್ರೆ. ಹುಡ್ಗಿ ಹೆಂಗವಳೆ ಅಂತ ಇನ್ನ ನಮ್ಮ ಮಾಮನ್ನೇ ಕೇಳ್ಬೇಕು."